ಪೂರ್ವಪಕ್ಷದ ಋಣ

ಕ್ರಿ. ಶ. 177ರಲ್ಲಿ, ಮಾರ್ಕಸ್ ಔರೇಲಿಯಸ್ ಚಕ್ರವರ್ತಿಯ ಆಳಿಕೆಯಲ್ಲಿ, ಗಾಲ್ ದೇಶದ ಲಿಯೋನ್ ನಗರದಲ್ಲಿದ್ದ ಸಣ್ಣದೊಂದು ಕ್ರೈಸ್ತಸಮುದಾಯದ ಮೇಲೆ ಜನರ ರೋಷವು ತಿರುಗಿತು. ಮೊದಲು ಸ್ನಾನಗೃಹಗಳಿಗೂ ಪೇಟೆಯ ಚೌಕಕ್ಕೂ ಅವರು ಬಾರದಂತಾಯಿತು. ಆಮೇಲೆ ಕಲ್ಲೆಸೆತ, ಸುಲಿಗೆ, ಸೆರೆ. ಕ್ರೈಸ್ತರ ಮನೆಗಳಲ್ಲಿ ದುಡಿಯುತ್ತಿದ್ದ, ಆದರೆ ಸ್ವತಃ ಕ್ರೈಸ್ತರಲ್ಲದ ಕೆಲವು ದಾಸರನ್ನು ಹಿಡಿದು ತಂದಾಗ, ಅವರು ಚಿತ್ರಹಿಂಸೆಗೆ ಹೆದರಿ, ಸೈನಿಕರು ಹೇಳಿಕೊಟ್ಟಂತೆ ನುಡಿದರು: ತಮ್ಮ ಒಡೆಯರು ನರಮಾಂಸವನ್ನು ತಿನ್ನುವರು, ತಾಯಿಮಕ್ಕಳೆಂಬ ಭೇದವಿಲ್ಲದೆ ಕೂಡುವರು ಎಂದು. ಅದುವರೆಗೆ ನೆಂಟತನದ ದಾಕ್ಷಿಣ್ಯದಿಂದ ಸುಮ್ಮನಿದ್ದವರೂ ಈ ಮಾತನ್ನು ಕೇಳಿ ಹಲ್ಲು ಕಡಿದರು. ಬಿಬ್ಲಿಸ್ ಎಂಬಾಕೆ ಮೊದಲು ಭಯದಿಂದ ತನ್ನ ಮತವನ್ನು ಅಲ್ಲಗಳೆದಿದ್ದವಳು. ಈ ಅಪವಾದಕ್ಕೆ ಅವಳಿಂದ ಸಾಕ್ಷಿ ಹೇಳಿಸಬೇಕೆಂದು ಮತ್ತೆ ಹಿಂಸಿಸಿದಾಗ, ಪ್ರಾಣಿಯ ರಕ್ತವನ್ನು ಕೂಡ ಬಾಯಿಗಿಡದ ಜನರು ಮಕ್ಕಳನ್ನು ಹೇಗೆ ತಿಂದಾರೆಂದು ಕೇಳಿ, ತಾನೂ ಕ್ರೈಸ್ತಳೆಂದು ಸಾರಿ, ಹುತಾತ್ಮರ ಪಂಕ್ತಿಗೆ ಸೇರಿದಳು. ತೊಂಬತ್ತು ವರ್ಷ ಮೀರಿದ್ದ ಬಿಷಪ್ ಪೊಥೀನಸನು ಜನರ ಹೊಡೆತಕ್ಕೆ ಸಿಕ್ಕಿ, ಸೆರೆಮನೆಯಲ್ಲಿ ಎರಡು ದಿನಗಳೊಳಗೆ ಸತ್ತನು. ಸತ್ತವರ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ತೂರಲಾಯಿತು. ಈ ಸಂಗತಿಗಳೆಲ್ಲ ಆ ಸಮುದಾಯದವರೇ ಏಷ್ಯಾ ಪ್ರಾಂತದ ಸೋದರರಿಗೆ ಬರೆದ ಪತ್ರವೊಂದರಿಂದ ತಿಳಿದುಬರುತ್ತವೆ. ಆ ಪತ್ರವನ್ನು ಯೂಸೀಬಿಯಸನು ತನ್ನ ಕ್ರೈಸ್ತಸಭೆಯ ಚರಿತ್ರೆಯಲ್ಲಿ ಉಳಿಸಿಕೊಟ್ಟಿದ್ದಾನೆ.

ಪೊಥೀನಸನ ಪೀಠಕ್ಕೆ ಬಂದವನು ಐರೀನಿಯಸ್. ಈ ಸೆರೆಯ ದಿನಗಳಲ್ಲಿಯೇ ಸಮುದಾಯದ ಪತ್ರವೊಂದನ್ನು ಹೊತ್ತು ರೋಮಿಗೆ ಹೋಗಿದ್ದವನು. ಕಳೆದುಕೊಂಡವರೆಲ್ಲರ ಮುಖವನ್ನೂ ಬಲ್ಲವನು. ಅಪವಾದದ ರುಚಿ ಎಂಥದೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕೆಲವೇ ವರ್ಷಗಳ ಮೇಲೆ, 180ರ ಸುಮಾರಿಗೆ, ಆತನು ತನ್ನ ಮತದೊಳಗಿನ ಭಿನ್ನಪಕ್ಷಗಳನ್ನು ಖಂಡಿಸುವುದಕ್ಕಾಗಿ ಐದು ಭಾಗಗಳ ಗ್ರಂಥವನ್ನು ರಚಿಸಿದನು. ಕ್ರೈಸ್ತಸಾಹಿತ್ಯದಲ್ಲಿ ಇಂದಿಗೂ ಉಳಿದಿರುವ ಪಾಷಂಡಖಂಡನಗಳಲ್ಲಿ ಅದೇ ಮೊದಲನೆಯದು. ಅದರಲ್ಲಿ ಎದುರಾಳಿಗಳು ಹೆಂಗಸರನ್ನು ಮರುಳುಗೊಳಿಸುವವರು, ಮಂತ್ರವಾದಿಗಳು, ಭೋಗಲಂಪಟರು, ದುರಾಸೆಯವರು. ಅಪವಾದಕ್ಕೆ ಈಡಾಗಿ ನೊಂದವನು ತಾನೇ ಲೇಖನಿಯನ್ನು ಹಿಡಿದಾಗ ಎದುರು ಪಕ್ಷದವನ ಚಿತ್ರವನ್ನು ಹೇಗೆ ಬರೆಯುತ್ತಾನೆ? ಹೇಗೆ ಬರೆಯಬೇಕಾಗಿತ್ತು? ಮತಚರಿತ್ರೆಯ ಮೂಲೆಯೊಂದರ ಪ್ರಶ್ನೆಯಂತೆ ಇದು ತೋರಬಹುದು. ಆದರೆ ವಾದಿಸುವವರಿರುವ ಮನೆಗಳಲ್ಲೆಲ್ಲ ಇದು ಹೊಸ್ತಿಲ ಬಳಿಯೇ ಇರುವ ಪ್ರಶ್ನೆ.

ಮೊದಲು ಹೆಸರುಗಳ ವಿಚಾರ. ಗ್ರೀಕರು ‘ಹೈರೆಸಿಸ್’ ಎಂದರೆ ಆಯ್ಕೆ ಎಂದು ತಿಳಿಯುತ್ತಿದ್ದರು; ಅದರಿಂದ, ಒಬ್ಬನು ಆರಿಸಿಕೊಂಡ ಮತ, ತತ್ತ್ವಜ್ಞರ ಅಥವಾ ವೈದ್ಯರ ಪಂಥ ಎಂಬ ಅರ್ಥವೂ ಬಂದಿತು. ಯೆಹೂದ್ಯ ಚರಿತ್ರಕಾರನಾದ ಜೋಸೀಫಸನು ಫರಿಸಾಯರನ್ನೂ ಸದ್ದುಕಾಯರನ್ನೂ ಇದೇ ಶಬ್ದದಿಂದ ಕರೆಯುವಾಗ ಅದರಲ್ಲಿ ಯಾವ ನಿಂದೆಯೂ ಇಲ್ಲ. ನೂರು ವರ್ಷಗಳು ಕಳೆಯುವಷ್ಟರಲ್ಲಿ ಅದೇ ಶಬ್ದವು ಬೈಗುಳಾಯಿತು. ನಮ್ಮ ‘ಪಾಷಂಡ’ ಶಬ್ದದ ಜಾತಕವೂ ಇಂಥದೇ ಆಗಿರುವುದು ಸೋಜಿಗ. ಅಶೋಕನ ಶಾಸನಗಳಲ್ಲಿ ಪಾಷಂಡವೆಂದರೆ ಕೇವಲ ಒಂದು ಮತಪಂಥ. ಎಲ್ಲ ಪಾಷಂಡಗಳನ್ನೂ ರಾಜನು ಗೌರವಿಸುವನೆಂದೂ, ತನ್ನ ಪಂಥವನ್ನು ಹೊಗಳಿ ಪರಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುವನೆಂದೂ ಹನ್ನೆರಡನೆಯ ಬಂಡೆಶಾಸನವು ಸಾರುತ್ತದೆ. ಆ ಶಾಸನದ ಒಂದು ಪಾಠವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿ ದೊರೆತ ಕಲ್ಲಿನ ಮೇಲೆಯೂ ಇದೆ. ಮನುಸ್ಮೃತಿಯ ಕಾಲಕ್ಕೆ ಬಂದರೆ, ಪಾಷಂಡಿಯನ್ನು ಮಾತಿನಿಂದ ಕೂಡ ಉಪಚರಿಸಬಾರದು. ಎರಡು ದೂರದ ದೇಶಗಳಲ್ಲಿ ಎರಡು ಸಾಧು ಶಬ್ದಗಳು ಒಂದೇ ಬಗೆಯಾಗಿ ಕೆಟ್ಟವು.

ಗ್ನೋಸ್ಟಿಕರೆಂಬ ಹೆಸರಿಗೂ ಒಂದು ಮಾತು ಬೇಕು. ಇಂಗ್ಲಿಷರ ಉಚ್ಚಾರವನ್ನು ಅನುಸರಿಸಿ ಬರೆದರೆ ಕನ್ನಡದ ಕಿವಿಗೆ ಅದು ‘ನಾಸ್ತಿಕ’ರೆಂದು ಕೇಳಿಸುವ ಅಪಾಯವಿದೆ, ಅರ್ಥವಾದರೋ ಪೂರ್ತಿ ಬೇರೆ. ‘ಗ್ನೋಸಿಸ್’ ಎಂಬ ಗ್ರೀಕ್ ಶಬ್ದವೂ ಸಂಸ್ಕೃತದ ‘ಜ್ಞಾನ’ವೂ ಒಂದೇ ಧಾತುವಿನ ಮಕ್ಕಳು. ಆದುದರಿಂದ ಇವರನ್ನು ಜ್ಞಾನವಾದಿಗಳೆಂದು ಕರೆಯುವುದು ಸರಿಹೋಗುತ್ತದೆ. ಈ ಲೋಕವನ್ನು ಸೃಷ್ಟಿಸಿದವನು ಪರದೇವತೆಯಲ್ಲ, ಅದಕ್ಕಿಂತ ಕೆಳಗಿನ ಒಬ್ಬ ಶಿಲ್ಪಿ. ಮನುಷ್ಯನೊಳಗೆ ಮೇಲಿನ ಲೋಕದ ಕಿಡಿಯೊಂದು ಸೆರೆಬಿದ್ದಿದೆ. ತನ್ನ ಮೂಲವನ್ನು ಅರಿಯುವುದೇ ಬಿಡುಗಡೆ ಎಂಬುದು ಸ್ಥೂಲವಾಗಿ ಅವರಲ್ಲಿ ಹಲವರ ಮತ. ಒಂದು ಸಂಪ್ರದಾಯವೆನ್ನಲಾಗದಷ್ಟು ಭೇದಗಳು ಅವರೊಳಗಿದ್ದುವು. ಎಲ್ಲರನ್ನೂ ಒಂದೇ ಗೂಟಕ್ಕೆ ಕಟ್ಟಿದವರು ಅವರ ವಿರೋಧಿಗಳೆಂದು ಈಚಿನ ವಿದ್ವಾಂಸರಲ್ಲಿ ಮೈಕೆಲ್ ವಿಲಿಯಮ್ಸರೂ ಕ್ಯಾರೆನ್ ಕಿಂಗರೂ ವಾದಿಸಿರುವರು. ಅಲೆಕ್ಸಾಂಡ್ರಿಯದ ಕ್ಲೆಮೆಂಟನಂತಹ ಸಭಾಪಕ್ಷದ ಲೇಖಕನು ಪರಿಪೂರ್ಣನಾದ ಕ್ರೈಸ್ತನಿಗೇ ‘ಗ್ನೋಸ್ಟಿಕ’ನೆಂಬ ಹೆಸರನ್ನು ಕೊಟ್ಟನೆಂಬುದನ್ನು ನೆನೆದರೆ, ಹೆಸರು ಯಾರ ಸ್ವತ್ತೆಂಬುದೇ ಅಂದು ತೀರ್ಮಾನವಾಗಿರಲಿಲ್ಲವೆಂದು ಕಾಣುತ್ತದೆ.

ಐರೀನಿಯಸನಿಗಿಂತ ಮುಂಚೆ, ಎರಡನೆಯ ಶತಮಾನದ ನಡುವಿನಲ್ಲಿ, ರೋಮಿನಲ್ಲಿ ಬೋಧಿಸುತ್ತಿದ್ದ ಜಸ್ಟಿನನು ಚಕ್ರವರ್ತಿಗೆ ಒಂದು ವಿಜ್ಞಾಪನೆಯನ್ನು ಬರೆದನು. ಕ್ರೈಸ್ತರ ಮೇಲಿನ ಅಪವಾದಗಳು ಸುಳ್ಳೆಂದು ತೋರಿಸುವುದು ಅದರ ಉದ್ದೇಶ. ಆದರೆ ಅದೇ ವಿಜ್ಞಾಪನೆಯಲ್ಲಿ ಸಮಾರ್ಯದ ಸೀಮೋನ, ಅವನ ಶಿಷ್ಯ ಮೆನಾಂಡರ್, ಪೊಂಟಸಿನ ಮಾರ್ಸಿಯನ್ ಇವರನ್ನು ಹೆಸರಿಸಿ, ದೀಪವನ್ನಾರಿಸಿ ಕೂಡುವುದು, ನರಮಾಂಸವನ್ನು ತಿನ್ನುವುದು ಮೊದಲಾದ ಕೃತ್ಯಗಳನ್ನು ಇಂಥವರು ಮಾಡುವರೋ ಇಲ್ಲವೋ ತನಗೆ ತಿಳಿಯದು; ಅವರನ್ನು ಮಾತ್ರ ರಾಜ್ಯವು ಹಿಂಸಿಸುವುದಿಲ್ಲವೆಂಬುದು ತಿಳಿದಿದೆ ಎಂದು ಹೇಳುತ್ತಾನೆ. ‘ತಿಳಿಯದು’ ಎಂಬ ಈ ನುಡಿಯನ್ನು ಸ್ವಲ್ಪ ತಡೆದು ನೋಡಬೇಕು. ಸುಳ್ಳು ಹೇಳಲು ಒಪ್ಪದ ಮನಸ್ಸಿನಿಂದ ಅದು ಬಂದಿದೆ, ಸಂದೇಹವಿಲ್ಲ. ಆದರೆ ತನ್ನ ಮನೆಯ ಬಾಗಿಲಿಗೆ ಬಂದ ಅಪವಾದವನ್ನು ಒಳಗೆ ಬಿಡದೆ, ನೆರೆಮನೆಯ ದಾರಿಯನ್ನು ಮೆಲ್ಲನೆ ತೋರಿಸಿದಂತೆಯೂ ಇದೆ. ತನ್ನ ವಿಷಯದಲ್ಲಿ ಅಸಂಭವವೆಂದು ತೋರಿದುದು ಪರನ ವಿಷಯದಲ್ಲಿ ‘ಇದ್ದರೂ ಇರಬಹುದು’ ಎಂದಾಗುತ್ತದೆ.

ಜಸ್ಟಿನನು ಅಪ್ರಾಮಾಣಿಕನಲ್ಲ, ಆದರೂ ದ್ವೇಷವು ಕಣ್ಣನ್ನು ಹೇಗೆ ಮೋಸಗೊಳಿಸುತ್ತದೆಂಬುದಕ್ಕೆ ಅವನ ಗ್ರಂಥದಲ್ಲಿಯೇ ಒಂದು ನಿದರ್ಶನವಿದೆ. ರೋಮನರು ಸೀಮೋನನನ್ನು ದೇವರೆಂದು ಪೂಜಿಸಿ, ಟೈಬರ್ ನದಿಯ ನಡುಗಡ್ಡೆಯಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದ್ದಾರೆಂದೂ, ಅದರ ಮೇಲೆ ಲ್ಯಾಟಿನಿನಲ್ಲಿ ‘ಪವಿತ್ರದೇವನಾದ ಸೀಮೋನನಿಗೆ’ ಎಂದು ಕೆತ್ತಿದೆಯೆಂದೂ ಅವನು ಬರೆದನು. ಮುಂದಿನವರು ಇದನ್ನು ಪ್ರಮಾಣವೆಂದು ಹಿಡಿದರು. 1574ರಲ್ಲಿ ಅದೇ ನಡುಗಡ್ಡೆಯಲ್ಲಿ ಒಂದು ಶಿಲಾಪೀಠವು ದೊರೆಯಿತು. ಅದರ ಮೇಲಿದ್ದುದು ಸೀಮೋನನ ಹೆಸರಲ್ಲ. ಸೆಮೋ ಸಾಂಕಸ್ ಎಂಬ, ಪ್ರಮಾಣವಚನಗಳಿಗೆ ಅಧಿದೇವತೆಯಾದ, ಪುರಾತನ ಸಾಬೈನ್ ದೇವರ ಹೆಸರು! ಜಸ್ಟಿನನು ನೋಡಿದ್ದು ಈ ಕಲ್ಲನ್ನೇ ಎಂದು ಬಹುಮಂದಿ ನಂಬುತ್ತಾರೆ. ಹುಡುಕುತ್ತಿದ್ದ ಹೆಸರನ್ನೇ ಕಣ್ಣು ಓದಿಕೊಂಡಿತು.

ಈ ಸೀಮೋನನಿಂದಲೇ ಎಲ್ಲ ಪಾಷಂಡಗಳೂ ಹುಟ್ಟಿದುವೆಂದು ಐರೀನಿಯಸನು ಒಂದು ವಂಶಾವಳಿಯನ್ನು ಕಟ್ಟಿದನು. ಅಪೊಸ್ತಲರಿಂದ ಬಿಷಪರಿಗೆ ಸತ್ಯದ ಪರಂಪರೆ. ಅಪೊಸ್ತಲನಾದ ಪೇತ್ರನಿಂದ ಶಾಪ ಪಡೆದ ಮಾಂತ್ರಿಕನಿಂದ ಅಸತ್ಯದ ಪರಂಪರೆ. ಗುರುಪರಂಪರೆಯನ್ನು ಕೊಂಡಾಡುವ ನಾಡಿನಲ್ಲಿ ಹುಟ್ಟಿದವರಿಗೆ ಈ ತಂತ್ರದ ಬಲವನ್ನು ವಿವರಿಸಬೇಕಾಗಿಲ್ಲ. ಒಬ್ಬನನ್ನು ಒಂದು ಸಾಲಿನಲ್ಲಿ ನಿಲ್ಲಿಸಿದ ಮೇಲೆ ಅವನ ಮಾತನ್ನು ಕೇಳುವ ಶ್ರಮವು ತಪ್ಪುತ್ತದೆ. ಅಪೊಸ್ತಲನಾದ ಯೋಹಾನನು ಎಫೆಸದ ಸ್ನಾನಗೃಹದೊಳಗೆ ಕೆರಿಂಥಸನೆಂಬ ಪಾಷಂಡಿಯಿರುವುದನ್ನು ಕಂಡು, ಕಟ್ಟಡವು ಕುಸಿದೀತೆಂದು ಮೈ ತೊಳೆಯದೆಯೇ ಹೊರಗೆ ಓಡಿದನೆಂಬ ಕಥೆಯನ್ನೂ ಐರೀನಿಯಸನು ಮೆಚ್ಚುಗೆಯಿಂದ ಹೇಳುತ್ತಾನೆ. ಲಿಯೋನಿನಲ್ಲಿ ತನ್ನವರನ್ನು ಮೊದಲು ಹೊರಹಾಕಿದ್ದು ಸ್ನಾನಗೃಹದಿಂದಲೇ ಎಂಬುದು ಆಗ ಅವನ ನೆನಪಿಗೆ ಬಂದಿತೋ ಇಲ್ಲವೋ!

ಆದರೆ ಐರೀನಿಯಸನು ಕೇವಲ ಬೈಗುಳದ ಲೇಖಕನೆಂದು ತಳ್ಳಿಬಿಡುವುದು ಅವನಿಗೆ ಮಾಡುವ ಅನ್ಯಾಯ. ಅವನು ಪರರಿಗೆ ಮಾಡಿದಂಥದೇ ಅನ್ಯಾಯ. ವ್ಯಾಲೆಂಟಿನಸನ ಶಿಷ್ಯರ ಗ್ರಂಥಗಳನ್ನು ತಾನು ಓದಿರುವುದಾಗಿಯೂ, ಅವರಲ್ಲಿ ಕೆಲವರೊಡನೆ ಮಾತನಾಡಿರುವುದಾಗಿಯೂ ಅವನು ಹೇಳುತ್ತಾನೆ. 1896ರಲ್ಲಿ ಕೈರೋ ನಗರದಲ್ಲಿ ಒಬ್ಬ ಜರ್ಮನ್ ವಿದ್ವಾಂಸನು ಕೊಂಡ ಕಾಪ್ಟಿಕ್ ಹಸ್ತಪ್ರತಿಯಲ್ಲಿ ‘ಯೋಹಾನನ ರಹಸ್ಯಗ್ರಂಥ’ವು ದೊರೆತಾಗ, ಐರೀನಿಯಸನು ಮೊದಲ ಭಾಗದಲ್ಲಿ ಸಂಗ್ರಹಿಸಿದ್ದ ಒಂದು ಸೃಷ್ಟಿಕ್ರಮವು ಅದರೊಡನೆ ಬಹುಮಟ್ಟಿಗೆ ಹೊಂದಿತು. ಅಂದಮೇಲೆ, ಪುಸ್ತಕವು ಮುಂದಿದ್ದಾಗ ಅವನು ಅದನ್ನು ಸುಮಾರು ಸರಿಯಾಗಿಯೇ ಬರೆದುಕೊಂಡಿದ್ದನು. ಕಾರ್ಪೊಕ್ರೇಟಿಸನ ಪಂಥದವರ ದುರಾಚಾರಗಳನ್ನು ಹೇಳುತ್ತ ಹೇಳುತ್ತ, ಇವೆಲ್ಲ ಅವರಲ್ಲಿ ನಿಜವಾಗಿ ನಡೆಯುವುವೆಂದು ನಂಬುವುದು ತನಗೆ ಕಷ್ಟವೆಂದು ಒಂದು ಕಡೆ ಒಪ್ಪಿಕೊಳ್ಳುತ್ತಾನೆ. ಆ ಒಂದು ವಾಕ್ಯದಲ್ಲಿ 177ರ ಲಿಯೋನ್ ಕ್ಷಣಕಾಲ ತಲೆಯೆತ್ತಿ ನೋಡಿದಂತೆ ತೋರುತ್ತದೆ.

ಅವನಿಗೆ ಹಾಸ್ಯವೂ ಬರುತ್ತಿತ್ತು. ಮೂಲತತ್ತ್ವದಿಂದ ಅನಾಮಧೇಯ, ಅವಾಚ್ಯ, ಏಕತ್ವ, ಏಕ ಎಂದು ಹೊಸ ಹೊಸ ಶಕ್ತಿಗಳನ್ನು ಹೊರಡಿಸುತ್ತಿದ್ದ ಒಬ್ಬ ಆಚಾರ್ಯನನ್ನು ಅಣಕಿಸುತ್ತ, ಹೆಸರಿಡುವುದೇ ಆದರೆ ಒಂದು ಶಕ್ತಿಗೆ ಸೋರೆಕಾಯಿಯೆಂದೂ, ಅದರೊಡನೆ ಹುಟ್ಟಿದುದಕ್ಕೆ ಶುದ್ಧಶೂನ್ಯವೆಂದೂ, ಅವೆರಡರ ಫಲಗಳಿಗೆ ಸೌತೆಕಾಯಿ ಕರಬೂಜಗಳೆಂದೂ ಏಕೆ ಹೆಸರಿಡಬಾರದೆಂದು ಕೇಳುತ್ತಾನೆ. ಇದು ಓದಲು ರಸವತ್ತಾಗಿದೆ, ನಗದಿರುವುದು ಕಷ್ಟ. ಇಂಥ ಹಾಸ್ಯದಿಂದ ಯಾರ ಮಾನಕ್ಕೂ ಕೊರತೆಯಿಲ್ಲ. ಸಿದ್ಧಾಂತವನ್ನು ಹಾಸ್ಯಮಾಡುವುದು ಬೇರೆ, ಮನುಷ್ಯನ ನಡತೆಯನ್ನು ಕಲ್ಪಿಸುವುದು ಬೇರೆ.

ಅವನ ಕಳವಳಕ್ಕೆ ಕಾರಣವೂ ಇದ್ದಿತು. ಮಾನವರಲ್ಲಿ ಚಿನ್ಮಯರು, ಜೀವಮಯರು, ಮೃಣ್ಮಯರು ಎಂದು ಮೂರು ಸ್ವಭಾವಗಳುಂಟು. ಮೊದಲಿನವರಿಗೆ ಮುಕ್ತಿ ಸ್ವಭಾವಸಿದ್ಧ, ಕಡೆಯವರಿಗೆ ಅದು ಎಂದಿಗೂ ಇಲ್ಲ ಎಂಬ ಬೋಧೆಯನ್ನು ಅವನು ವ್ಯಾಲೆಂಟಿನಸನ ಪಕ್ಷದವರಲ್ಲಿ ಕಂಡನು. ಗಾಲ್ ದೇಶದ ಹಳ್ಳಿಗರ ನಡುವೆ ಇದ್ದು, ಅವರ ಒರಟು ಭಾಷೆಯನ್ನಾಡಿ ಆಡಿ ತನ್ನ ಗ್ರೀಕ್ ಕೆಟ್ಟಿದೆಯೆಂದು ಪೀಠಿಕೆಯಲ್ಲಿ ಕ್ಷಮೆ ಬೇಡಿದವನು ಅವನು. ಕಾಗದ ಮಸಿಗಳಿಲ್ಲದೆಯೇ ನಂಬಿಕೆಯನ್ನು ಹೃದಯದಲ್ಲಿ ಬರೆದುಕೊಂಡಿರುವ ಅನಕ್ಷರಸ್ಥ ಜನಾಂಗಗಳನ್ನು ಪ್ರೀತಿಯಿಂದ ನೆನೆಯುವವನು. ದೇಹವೂ ಮಣ್ಣೂ ದ್ರಾಕ್ಷಿಯೂ ಗೋದಿಯೂ ಒಳ್ಳೆಯ ದೇವರ ಸೃಷ್ಟಿಯೇ ಎಂಬುದನ್ನು ಬಿಟ್ಟುಕೊಡಲು ಅವನು ಸಿದ್ಧನಿರಲಿಲ್ಲ. ಇದು ಸಣ್ಣ ವಿಷಯವಲ್ಲ. ಇದಕ್ಕಾಗಿ ವಾದಿಸಿದುದು ತಪ್ಪೂ ಅಲ್ಲ.

ತಪ್ಪು ನಡೆದುದು ವಾದದ ಒಂದು ಮೆಟ್ಟಿಲಿನಲ್ಲಿ. ಚಿನ್ನವು ಕೆಸರಿಗೆ ಬಿದ್ದರೂ ಚಿನ್ನವೇ ಎಂದು ನಂಬುವವನು ಕೆಸರಿಗೆ ಅಂಜುವುದಿಲ್ಲ, ಅಂಜದವನು ಹೊರಳಾಡುತ್ತಾನೆ, ಆದುದರಿಂದ ಇವರು ಹೊರಳಾಡುತ್ತಿದ್ದಾರೆ. ಸಿದ್ಧಾಂತದಿಂದ ನಡತೆಯನ್ನು ಊಹಿಸಿ, ಊಹೆಯನ್ನೇ ಕಂಡಂತೆ ಹೇಳುವ ಕ್ರಮವಿದು. ಕ್ರೈಸ್ತರ ಮೇಲೆ ಅನ್ಯರು ಹೂಡಿದ ವಾದವೂ ಇದಕ್ಕಿಂತ ಭಿನ್ನವಾಗಿರಲಿಲ್ಲ: ದೇವರುಗಳಿಗೆ ಬಲಿ ಕೊಡದವನು ದೇವರಿಗೆ ಅಂಜದವನು, ಅಂಜದವನು ಏನನ್ನಾದರೂ ಮಾಡಿಯಾನು, ಆದುದರಿಂದ ಮಾಡುತ್ತಿದ್ದಾನೆ. ಜ್ಞಾನವಾದಿಗಳಲ್ಲಿ ಸ್ವೇಚ್ಛಾಚಾರಿಗಳು ಯಾರೂ ಇರಲಿಲ್ಲವೆಂದು ಹೇಳುವಂತಿಲ್ಲ. ಕಾರ್ಪೊಕ್ರೇಟಿಸನ ಮಗನೆಂದು ಹೇಳಲಾದ ಎಪಿಫೇನಿಸನು ಸ್ತ್ರೀಯರೂ ಸ್ವತ್ತೂ ಎಲ್ಲರಿಗೂ ಸಾಮಾನ್ಯವೆಂದು ಬೋಧಿಸಿದುದನ್ನು ಕ್ಲೆಮೆಂಟನು ಅವನ ವಾಕ್ಯಗಳನ್ನೇ ಎತ್ತಿಕೊಟ್ಟು ತೋರಿಸುತ್ತಾನೆ. ಇಲ್ಲಿ ಕ್ಲೆಮೆಂಟನ ದಾರಿ ನ್ಯಾಯವಾದುದು: ಪುಸ್ತಕವಿದೆ, ವಾಕ್ಯವಿದೆ, ಓದಿ ನೋಡಿರಿ ಎಂಬ ದಾರಿ.

ಮುಂದೆ ಬಂದವರಲ್ಲಿ ಕಾರ್ತೇಜಿನ ತೆರ್ತುಲ್ಲಿಯನನು ವಕೀಲನ ಮಾತುಗಾರಿಕೆಯುಳ್ಳವನು. ಸುಮಾರು 197ರಲ್ಲಿ, ಕ್ರೈಸ್ತರನ್ನು ಬರಿಯ ವದಂತಿಯ ಮೇಲೆ ದಂಡಿಸುವ ನ್ಯಾಯಾಧಿಪತಿಗಳನ್ನು ಅವನು ಛೀಮಾರಿ ಮಾಡಿದ ಗ್ರಂಥವು ಇಂದಿಗೂ ರಕ್ತವನ್ನು ಬಿಸಿಮಾಡುವಂಥದು. ಕೆಲವು ವರ್ಷಗಳಲ್ಲಿಯೇ ಅವನು ಪಾಷಂಡಿಗಳೊಡನೆ ವಾದಕ್ಕೇ ಇಳಿಯಬಾರದೆಂದು ಹೇಳಿದನು. ಶಾಸ್ತ್ರವು ಸಭೆಯ ಸ್ವತ್ತು, ಪರರ ಹೊಲದಲ್ಲಿ ಅವರಿಗೆ ಉಳುವ ಹಕ್ಕಿಲ್ಲ, ದಾವೆಯನ್ನು ಬಾಗಿಲಲ್ಲಿಯೇ ವಜಾ ಮಾಡಬೇಕು ಎಂಬುದು ಅವನ ವಾದ. ಮಾರ್ಸಿಯನನ ವಿರುದ್ಧವಾಗಿ ಬರೆದ ಐದು ಭಾಗಗಳ ಗ್ರಂಥವು ಆರಂಭವಾಗುವುದು ಅವನ ಹುಟ್ಟೂರಿನ ಸೀಮೆಯಾದ ಪೊಂಟಸಿನ ಚಳಿಯನ್ನೂ ಅಲ್ಲಿಯ ಜನರನ್ನೂ ಹೀನಾಯವಾಗಿ ಹಳಿಯುವುದರಿಂದ. ವ್ಯಾಲೆಂಟಿನಸನು ಬಿಷಪ್ ಪದವಿಯನ್ನು ಬಯಸಿ, ಸಿಕ್ಕದೆ, ಆ ಕೋಪದಿಂದ ಹೊಸ ಮತವನ್ನು ಕಟ್ಟಿದನೆಂದೂ ಇವನೇ ಹೇಳುತ್ತಾನೆ. ಒಬ್ಬನು ಏನು ಹೇಳಿದನೆಂಬುದನ್ನು ಬಿಟ್ಟು ಏತಕ್ಕಾಗಿ ಹೇಳಿದನೆಂದು ಹುಡುಕುವುದು ಎಷ್ಟು ಸುಲಭ! ಕಡೆಗೆ ತೆರ್ತುಲ್ಲಿಯನನೇ ಮೊಂಟನಸನ ‘ನೂತನ ಪ್ರವಾದನೆ’ಯ ಪಕ್ಷವನ್ನು ಹಿಡಿದನು, ಮುಂದಿನ ಪಟ್ಟಿಗಳಲ್ಲಿ ಆ ಪಕ್ಷವೂ ಪಾಷಂಡವೆಂದು ಸೇರಿತು.

ಹಿಪ್ಪೊಲೈಟಸನದೆಂದು ಹೇಳಲಾಗುವ ಮಹಾಖಂಡನವು ಮೂರನೆಯ ಶತಮಾನದ ಮೊದಲ ಭಾಗದ್ದು. ಅದರ ಬಹುಭಾಗವು ಆಥೋಸ್ ಪರ್ವತದ ಮಠದಿಂದ 1842ರಲ್ಲಿ ದೊರೆತು 1851ರಲ್ಲಿ ಅಚ್ಚಾಯಿತು. ಪಾಷಂಡಗಳೆಲ್ಲ ಗ್ರೀಕ್ ತತ್ತ್ವಜ್ಞರಿಂದ ಕದ್ದ ಮಾಲು ಎಂಬುದು ಅದರ ಪ್ರತಿಜ್ಞೆ. ಹಿಂದೂದೇಶದ ಬ್ರಾಹ್ಮಣರ ಮತಕ್ಕೂ ಅದರ ಮೊದಲ ಭಾಗದಲ್ಲಿ ಒಂದು ಸಣ್ಣ ಪ್ರಕರಣವು ದೊರೆತಿದೆ. ಆದರೆ ಗ್ರಂಥದ ಸ್ವಾರಸ್ಯವಿರುವುದು ಒಂಬತ್ತನೆಯ ಭಾಗದಲ್ಲಿ. ಅಲ್ಲಿ ಪಾಷಂಡಿಗಳ ನಡುವೆ ರೋಮಿನ ಬಿಷಪನಾದ ಕಲಿಸ್ಟಸನೇ ಬಂದು ನಿಲ್ಲುತ್ತಾನೆ: ಹಿಂದೆ ದಾಸನಾಗಿದ್ದವನು, ಒಡೆಯನ ಹಣದ ವ್ಯವಹಾರವನ್ನು ಮುಳುಗಿಸಿದವನು, ಸಾರ್ಡೀನಿಯದ ಗಣಿಗಳಿಗೆ ಅಟ್ಟಲ್ಪಟ್ಟವನು, ಪಾಪಿಗಳಿಗೆಲ್ಲ ಸುಲಭವಾಗಿ ಕ್ಷಮೆಯನ್ನು ಮಾರಿದವನು. ಕಲಿಸ್ಟಸನ ಯೌವನದ ವಿಷಯವಾಗಿ ಲೋಕಕ್ಕೆ ತಿಳಿದಿರುವುದೆಲ್ಲವೂ ಈ ವೈರಿಯ ಲೇಖನಿಯಿಂದಲೇ. ಇಬ್ಬರನ್ನೂ ರೋಮನ್ ಸಭೆಯು ಸಂತರೆಂದು ಪೂಜಿಸುತ್ತದೆ.

ಈ ಬಗೆಯ ಸಾಹಿತ್ಯದ ಶಿಖರವೆಂದರೆ ಸೈಪ್ರಸಿನ ಸಲಾಮಿಸಿನಲ್ಲಿ ಬಿಷಪನಾಗಿದ್ದ ಎಪಿಫೇನಿಯಸನ ‘ಪನಾರಿಯನ್’. ಹೆಸರಿನ ಅರ್ಥ ಔಷಧದ ಪೆಟ್ಟಿಗೆ, ಹಾವು ಕಚ್ಚಿದವರಿಗಾಗಿ. ಸುಮಾರು 374ರಿಂದ 377ರವರೆಗೆ ಬರೆದ ಈ ಗ್ರಂಥದಲ್ಲಿ 80 ಪಾಷಂಡಗಳನ್ನು ವಿವರಿಸಿ, ಒಂದೊಂದನ್ನೂ ಬಗೆಬಗೆಯ ಹಾವಿಗೋ ವಿಷಜಂತುವಿಗೋ ಹೋಲಿಸಿ, ಮೆಟ್ಟಿ ಕೊಂದು ಮುಂದುವರಿಯುತ್ತಾನೆ. ಎಂಬತ್ತೇ ಏಕೆ? ಸೊಲೊಮೋನನ ಪರಮಗೀತೆಯಲ್ಲಿ ರಾಜನಿಗೆ ಎಂಬತ್ತು ಮಂದಿ ಉಪಪತ್ನಿಯರಿದ್ದರೆಂದು ಇರುವುದರಿಂದ! ಲೆಕ್ಕವನ್ನು ತುಂಬುವುದಕ್ಕಾಗಿ ಕ್ರಿಸ್ತನಿಗಿಂತ ಹಿಂದಿನ ಎಪಿಕ್ಯೂರಿಯರೂ ಸ್ಟೋಯಿಕರೂ ಪಾಷಂಡಿಗಳಾಗಬೇಕಾಯಿತು. ತಾನು ತರುಣನಾಗಿದ್ದಾಗ ಈಜಿಪ್ಟಿನಲ್ಲಿ ಒಂದು ಗ್ನೋಸ್ಟಿಕ ಪಂಗಡದ ಹೆಂಗಸರು ತನ್ನನ್ನು ಸೆಳೆಯಲು ಪ್ರಯತ್ನಿಸಿದರೆಂದೂ, ತಾನು ತಪ್ಪಿಸಿಕೊಂಡು ಬಿಷಪರಿಗೆ ತಿಳಿಸಿದುದರಿಂದ ಸುಮಾರು 80 ಮಂದಿಯನ್ನು ಪಟ್ಟಣದಿಂದ ಹೊರಹಾಕಿದರೆಂದೂ ಅವನೇ ಹೇಳಿಕೊಳ್ಳುತ್ತಾನೆ. (ಇಲ್ಲಿಯೂ ಅದೇ ಸಂಖ್ಯೆ!) ಆ ಪಂಗಡದ ರಾತ್ರಿಕೂಟಗಳ ಬಗ್ಗೆ ಅವನು ಬರೆದಿರುವುದನ್ನು ಗೃಹಸ್ಥರು ಓದುವ ಪತ್ರಿಕೆಯಲ್ಲಿ ಎತ್ತಿಹೇಳುವಂತಿಲ್ಲ. ಶಿಶುವಧೆಯೂ ಭಕ್ಷಣೆಯೂ ಅದರಲ್ಲಿ ಸೇರಿವೆಯೆಂದರೆ ಸಾಕು. ಲಿಯೋನಿನ ದಾಸರು ಹೆದರಿ ನುಡಿದ ಮಾತು ಇನ್ನೂರು ವರ್ಷಗಳಲ್ಲಿ ಒಬ್ಬ ಬಿಷಪನ ಗ್ರಂಥದ ಒಳಗೆ ಬಂದು ಕುಳಿತಿತು.

ಆದರೆ ವಿಷದ ಈ ಪೆಟ್ಟಿಗೆಯಲ್ಲಿಯೇ ಒಂದು ರತ್ನವು ಉಳಿದಿದೆ. ವ್ಯಾಲೆಂಟಿನಸನ ಶಿಷ್ಯನಾದ ಟಾಲೆಮಿಯು ಫ್ಲೋರಾ ಎಂಬ ಸ್ತ್ರೀಗೆ ಬರೆದ ಪತ್ರವನ್ನು ಎಪಿಫೇನಿಯಸನು ಖಂಡಿಸುವುದಕ್ಕಾಗಿ ಪೂರ್ತಿಯಾಗಿ ನಕಲುಮಾಡಿಕೊಂಡನು. ಮೋಶೆಯ ಧರ್ಮಶಾಸ್ತ್ರವನ್ನು ಕೊಟ್ಟವನು ಯಾರೆಂಬುದು ಪತ್ರದ ವಿಷಯ. ಶಾಸ್ತ್ರದಲ್ಲಿ ದೇವರ ಮಾತು, ಮೋಶೆಯ ಮಾತು, ಹಿರಿಯರ ಮಾತು ಎಂದು ಮೂರು ಪದರಗಳಿವೆಯೆಂದು ಟಾಲೆಮಿಯು ತೋರಿಸುತ್ತಾನೆ. ದೇವರದೆಂಬ ಪದರದಲ್ಲಿಯೂ ಹತ್ತು ಆಜ್ಞೆಗಳಂತಹ ಶುದ್ಧವಾದ ಭಾಗ, ಕಣ್ಣಿಗೆ ಕಣ್ಣು ಎಂಬಂತೆ ಅನ್ಯಾಯವು ಬೆರೆತ ಭಾಗ, ಬಲಿ ವ್ರತಾದಿಗಳ ಸಾಂಕೇತಿಕ ಭಾಗ ಎಂದು ಬಿಡಿಸುತ್ತಾನೆ. ಈ ಶಾಸ್ತ್ರವನ್ನು ಕೊಟ್ಟವನು ಪರಮದೇವನೂ ಅಲ್ಲ, ಸೈತಾನನೂ ಅಲ್ಲ, ನಡುವಿನ ನ್ಯಾಯಶೀಲನಾದ ಶಿಲ್ಪಿ ಎಂಬ ತೀರ್ಮಾನವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಪತ್ರದ ಧಾಟಿಯಾದರೋ ತಂಗಿಗೆ ಲೆಕ್ಕವನ್ನು ಹೇಳಿಕೊಡುವ ಅಣ್ಣನದು: ಅವಸರವಿಲ್ಲ, ಬೈಗುಳವಿಲ್ಲ, ಅರ್ಥವಾಗದಿದ್ದರೆ ಕಳವಳಪಡಬೇಡ, ಮುಂದಿನದನ್ನು ಆಮೇಲೆ ತಿಳಿಸುವೆನೆಂಬ ಭರವಸೆಯುಂಟು. ಎಪಿಫೇನಿಯಸನ ಬರಹವನ್ನೂ ಈ ಪತ್ರವನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ಓದಿದವರಿಗೆ, ಯಾರು ಹಾವು ಯಾರು ವೈದ್ಯನೆಂಬ ಸಂದೇಹವು ಬಂದರೆ ಅದು ಅವರ ತಪ್ಪಲ್ಲ.

ಹದಿನೆಂಟು ಶತಮಾನಗಳಷ್ಟು ಕಾಲ ಜ್ಞಾನವಾದಿಗಳು ಬಹುಪಾಲು ತಮ್ಮ ವಿರೋಧಿಗಳ ಕನ್ನಡಿಯಲ್ಲಿ ಮಾತ್ರ ಕಾಣಿಸುತ್ತಿದ್ದರು. 1945ರ ಡಿಸೆಂಬರಿನಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಎಂಬ ಊರಿನ ಹತ್ತಿರ ಗೊಬ್ಬರದ ಮಣ್ಣನ್ನು ಅಗೆಯುತ್ತಿದ್ದ ರೈತರಿಗೆ ಒಂದು ಮಣ್ಣಿನ ಗಡಿಗೆಯು ಸಿಕ್ಕಿತು. ಅದರಲ್ಲಿ ತೊಗಲಿನ ರಟ್ಟು ಕಟ್ಟಿದ ಹನ್ನೆರಡು ಪುಸ್ತಕಗಳೂ ಹದಿಮೂರನೆಯದರ ಕೆಲವು ಹಾಳೆಗಳೂ ಇದ್ದುವು; ಕಾಪ್ಟಿಕ್ ಭಾಷೆಯ ಸುಮಾರು 50 ಗ್ರಂಥಗಳು. ಅವೆಲ್ಲವೂ ಒಟ್ಟಾಗಿ ಇಂಗ್ಲಿಷಿನಲ್ಲಿ ಅಚ್ಚಾಗಲು 1977 ಬರಬೇಕಾಯಿತು. ಓದಿದವರು ಎಪಿಫೇನಿಯಸನು ಹೇಳಿದ ರಾತ್ರಿಕೂಟಗಳನ್ನು ಹುಡುಕಿದರು, ಸಿಗಲಿಲ್ಲ. ಸಿಕ್ಕಿದುದು ಬಹುಮಟ್ಟಿಗೆ ಇಂದ್ರಿಯನಿಗ್ರಹ, ಪ್ರಾರ್ಥನೆ, ಸೃಷ್ಟಿಯ ಜಟಿಲ ಕಥೆಗಳು. ‘ಸತ್ಯಸುವಾರ್ತೆ’ ಎಂಬ ಒಂದು ಪ್ರವಚನವು ಮೃದುವಾದ ಭಕ್ತಿಯಿಂದ ತುಂಬಿದೆ. ಆ ಹೆಸರಿನ ಗ್ರಂಥವೊಂದನ್ನು ಐರೀನಿಯಸನು ಹಳಿದಿದ್ದನು. 

ಹಾಗೆಂದು ಗಡಿಗೆಯಿಂದ ಹೊರಬಂದವರು ಸಾಧುಗಳೇ ಎಂದೂ ತಿಳಿಯಬೇಕಾಗಿಲ್ಲ. ಅಲ್ಲಿಯ ‘ಪೇತ್ರನ ದರ್ಶನ’ದಲ್ಲಿ ಬಿಷಪರನ್ನು ನೀರಿಲ್ಲದ ಕಾಲುವೆಗಳಿಗೆ ಹೋಲಿಸಿದೆ. ‘ಸತ್ಯಸಾಕ್ಷ್ಯ’ವೆಂಬ ಗ್ರಂಥವಾದರೋ ಸಭೆಯನ್ನು ಹಳಿದು ಸಾಲದೆ, ವ್ಯಾಲೆಂಟಿನಸನ ಪಕ್ಷದವರನ್ನೂ ಬಸಿಲಿಡಿಸನ ಪಕ್ಷದವರನ್ನೂ ಸೀಮೋನನ ಅನುಯಾಯಿಗಳನ್ನೂ ಹೆಸರು ಹಿಡಿದು ಪಾಷಂಡಿಗಳೆನ್ನುತ್ತದೆ! ಮೊದಲೇ ಗೊತ್ತಿದ್ದ ‘ಪಿಸ್ಟಿಸ್ ಸೋಫಿಯಾ’ ಎಂಬ ಜ್ಞಾನವಾದಿಗಳ ಗ್ರಂಥದಲ್ಲಿ, ಎಪಿಫೇನಿಯಸನು ಬಣ್ಣಿಸಿದಂತಹ ಅಶುಚಿಕೃತ್ಯವನ್ನು ಮಾಡುವವರಿಗೆ ಘೋರವಾದ ಶಾಪವಿದೆ. ಅಂಥವರು ಎಲ್ಲಿಯೋ ಇದ್ದರೋ, ಅಥವಾ ವದಂತಿಯೇ ಮನೆಯಿಂದ ಮನೆಗೆ ಅಲೆಯುತ್ತಿತ್ತೋ! ಎರಡನೆಯದೇ ಹೆಚ್ಚು ಸಂಭವವೆಂದು ತೋರುತ್ತದೆ. ಏಕೆಂದರೆ ಯಾವ ಪಂಥದವರನ್ನು ಕೇಳಿದರೂ ಆ ಕೃತ್ಯವು ಪಕ್ಕದ ಪಂಥದಲ್ಲಿ ನಡೆಯುತ್ತಿತ್ತು.

ಇಷ್ಟೆಲ್ಲ ಕಾಗದದ ಮೇಲಣ ಜಗಳವಾಗಿ ಮುಗಿದಿದ್ದರೆ ಪಂಡಿತರ ಕುತೂಹಲಕ್ಕೆ ಬಿಟ್ಟುಬಿಡಬಹುದಾಗಿತ್ತು. ನಾಲ್ಕನೆಯ ಶತಮಾನದಲ್ಲಿ ಸಾಮ್ರಾಜ್ಯವು ಕ್ರೈಸ್ತಮತವನ್ನು ಹಿಡಿದ ಮೇಲೆ ಈ ಚಿತ್ರಗಳ ಕೈಗೆ ಕತ್ತಿಯು ಬಂದಿತು. ಸ್ಪೇನಿನ ಆವಿಲದ ಬಿಷಪನಾದ ಪ್ರಿಸಿಲ್ಲಿಯನನು ಉಪವಾಸ, ಬ್ರಹ್ಮಚರ್ಯ, ಶಾಸ್ತ್ರಪಠನಗಳನ್ನು ಬೋಧಿಸುತ್ತಿದ್ದ ವಿರಕ್ತ. ಇಥೇಸಿಯಸನೆಂಬ ಇನ್ನೊಬ್ಬ ಬಿಷಪನು ಅವನ ಮೇಲೆ ದೂರು ಕೊಟ್ಟನು. 385ರ ಸುಮಾರಿಗೆ ಟ್ರಿಯರ್ ನಗರದಲ್ಲಿ, ಮ್ಯಾಕ್ಸಿಮಸ್ ಚಕ್ರವರ್ತಿಯ ಮುಂದೆ ವಿಚಾರಣೆಯಾಗಿ, ಮಾಟಮಂತ್ರ, ರಾತ್ರಿಯಲ್ಲಿ ಹೆಂಗಸರೊಡನೆ ಕೂಟ, ಬತ್ತಲೆಯಾಗಿ ಪ್ರಾರ್ಥನೆ ಎಂಬ ದೋಷಗಳ ಮೇಲೆ ಅವನ ಮತ್ತು ಕೆಲವು ಸಂಗಡಿಗರ ತಲೆಗಳನ್ನು ಕಡಿದರು. ಕ್ರೈಸ್ತರ ದೂರಿನ ಮೇಲೆ ಕ್ರೈಸ್ತ ಅರಸನು ಪಾಷಂಡಿಯೊಬ್ಬನನ್ನು ಕೊಲ್ಲಿಸಿದ ಮೊದಲ ಪ್ರಸಂಗವೆಂದು ಇದನ್ನು ಚರಿತ್ರಕಾರರು ಎಣಿಸುತ್ತಾರೆ. ಟೂರ್ ನಗರದ ಬಿಷಪನಾದ ಸಂತ ಮಾರ್ಟಿನನು, ಪ್ರಿಸಿಲ್ಲಿಯನನ ಮತವನ್ನು ಒಪ್ಪದವನಾದರೂ, ರಕ್ತವನ್ನು ಸುರಿಸಬೇಡಿರೆಂದು ಚಕ್ರವರ್ತಿಯನ್ನು ಬೇಡಿಕೊಂಡಿದ್ದನು. ಉಪವಾಸ ಮಾಡುವವರನ್ನೂ ಓದುವವರನ್ನೂ ಸಂದೇಹಿಸುತ್ತಿದ್ದ ಇಥೇಸಿಯಸನು ಮಾರ್ಟಿನನ ಮೇಲೆಯೇ ಪಾಷಂಡದ ಆರೋಪವನ್ನು ಹೊರಿಸಲು ಹಿಂದೆಗೆಯಲಿಲ್ಲ. 1885ರಲ್ಲಿ ಜರ್ಮನಿಯ ವ್ಯುರ್ಟ್ಸ್‌ಬುರ್ಗ್ ನಗರದ ಗ್ರಂಥಾಲಯದಲ್ಲಿ ಪ್ರಿಸಿಲ್ಲಿಯನನ, ಅಥವಾ ಅವನ ಬಳಗದ, ಹನ್ನೊಂದು ಪ್ರಬಂಧಗಳು ದೊರೆತುವು. ಅವುಗಳಲ್ಲಿ ಲೇಖಕನು ಮಾನಿಯ ಮತವನ್ನೂ ಇತರ ಪಾಷಂಡಗಳನ್ನೂ ಆವೇಶದಿಂದ ಶಪಿಸಿರುವನು.

1022ರಲ್ಲಿ ಫ್ರಾನ್ಸಿನ ಓರ್ಲಿಯನ್ಸಿನಲ್ಲಿ ಕೆಲವು ಮಂದಿ ಪಾದ್ರಿಗಳೇ ಮೊದಲಾದವರನ್ನು ಸುಟ್ಟರು. ಅವರನ್ನು ಕುರಿತು ಮುಂದೆ ಒಬ್ಬ ಸಂನ್ಯಾಸಿಯು ಬರೆದ ವೃತ್ತಾಂತದಲ್ಲಿ ರಾತ್ರಿಕೂಟ, ಆರಿದ ದೀಪ, ಸುಟ್ಟ ಶಿಶು, ಬೂದಿಯ ಪ್ರಸಾದ ಎಲ್ಲವೂ ಇವೆ. ಜಸ್ಟಿನನು ‘ತಿಳಿಯದು’ ಎಂದು ಬಿಟ್ಟಿದ್ದ ಆ ದೀಪವು ಎಂಟುನೂರು ವರ್ಷಗಳಲ್ಲಿ ಎಷ್ಟು ಕಡೆ ಆರಿತು, ಎಷ್ಟು ಚಿತೆಗಳನ್ನು ಹೊತ್ತಿಸಿತು!

ಹಾಗಾದರೆ ಪರಪಕ್ಷವನ್ನು ಖಂಡಿಸುವವನು ಏನು ಮಾಡಬೇಕು? ಸುಮ್ಮನಿರಬೇಕೆಂದು ಯಾರೂ ಹೇಳಲಾರರು. ಭಾರತದ ಶಾಸ್ತ್ರಕಾರರು ಇದಕ್ಕೆ ಒಂದು ಕ್ರಮವನ್ನು ಇಟ್ಟುಕೊಂಡಿದ್ದರು: ಸಿದ್ಧಾಂತಕ್ಕಿಂತ ಮೊದಲು ಪೂರ್ವಪಕ್ಷ. ಎದುರಾಳಿಯು ತಾನೇ ಬಂದು ಕುಳಿತು ಕೇಳಿದರೆ ‘ಇದು ನನ್ನ ಮಾತೇ’ ಎಂದು ತಲೆದೂಗುವಂತೆ ಅವನ ಪಕ್ಷವನ್ನು ಹೇಳಬೇಕು, ಆಮೇಲೆ ಉತ್ತರ. ಈ ಕ್ರಮವನ್ನು ನಮ್ಮವರು ಯಾವಾಗಲೂ ನಡೆಸಿದರೆಂದಲ್ಲ. ಚಾರ್ವಾಕರ ಮೂಲಗ್ರಂಥಗಳೂ ಕಾಣೆಯಾಗಿ, ಅವರ ಮುಖವೂ ವಿರೋಧಿಗಳ ಕನ್ನಡಿಯಲ್ಲಿಯೇ ಉಳಿಯಿತು. ತಿನ್ನು, ಕುಡಿ ಎಂಬುದರಾಚೆಗೆ ಅವರಿಗೆ ಪ್ರಮಾಣವಿಚಾರವೇನಾದರೂ ಇದ್ದೀತೆಂದು ಜನ ನೆನೆಯದಂತಾಯಿತು. ಆದರೂ ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಮಾಧವಾಚಾರ್ಯರು ‘ಸರ್ವದರ್ಶನಸಂಗ್ರಹ’ದ ಮೊದಲ ಪ್ರಕರಣವನ್ನೇ ಚಾರ್ವಾಕನಿಗೆ ಬಿಟ್ಟುಕೊಟ್ಟು, ಅನುಮಾನಪ್ರಮಾಣದ ಮೇಲಿನ ಅವನ ಆಕ್ಷೇಪವನ್ನು ಅವನೇ ಬರೆದಷ್ಟು ಕಸುವಿನಿಂದ ಬರೆದರು.

ಆ ಕಾಲದ ಕ್ರೈಸ್ತಲೇಖಕರಲ್ಲಿ ಈ ಋಣವನ್ನು ಸಲ್ಲಿಸಿದವನು ಯಾರೆಂದು ಹುಡುಕಿದರೆ ಅಲೆಕ್ಸಾಂಡ್ರಿಯದ ಓರಿಜನನ ಹೆಸರು ಬರುತ್ತದೆ. ಸೆಲ್ಸಸನೆಂಬ ಗ್ರೀಕ್ ಪಂಡಿತನು ಕ್ರೈಸ್ತಮತವನ್ನು ಹಳಿದು ಬರೆದ ಗ್ರಂಥಕ್ಕೆ ಓರಿಜನನು ಉತ್ತರ ಬರೆಯುವಾಗ, ಅವನ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದನು. ಸೆಲ್ಸಸನ ಗ್ರಂಥವು ನಾಶವಾಯಿತು. ಅದರ ಬಹುಭಾಗವನ್ನು ಇಂದು ಓರಿಜನನ ಉತ್ತರದಿಂದಲೇ ಕೂಡಿಸಿಕೊಳ್ಳಬಹುದು. ಕ್ರೈಸ್ತಪಂಥಗಳು ಒಂದನ್ನೊಂದು ಹೇಳಬಾರದ ಮಾತುಗಳಿಂದ ಹಳಿಯುತ್ತವೆಂದು ಸೆಲ್ಸಸನು ಚುಚ್ಚಿದ ಮಾತನ್ನು ಕೂಡ ಓರಿಜನನು ಮರೆಮಾಚಲಿಲ್ಲ. ಒಂದು ವಿಷಯವು ದೊಡ್ಡದಾಗಿಯೂ ಜೀವನಕ್ಕೆ ಉಪಯುಕ್ತವಾಗಿಯೂ ಇದ್ದರೆ ಅದರಲ್ಲಿ ಪಂಥಗಳು ಹುಟ್ಟುವುದು ಸಹಜವೆಂದೂ, ವೈದ್ಯಶಾಸ್ತ್ರದಲ್ಲಿಯೂ ತತ್ತ್ವಶಾಸ್ತ್ರದಲ್ಲಿಯೂ ಹಾಗೆಯೇ ಆಗಿದೆಯೆಂದೂ ಅವನು ಬೇರೊಂದು ಕಡೆ ಹೇಳುತ್ತಾನೆ.

ಈ ಓರಿಜನನಿಗೆ ಆಂಬ್ರೋಸನೆಂಬ ಧನವಂತನಾದ ಗೆಳೆಯನಿದ್ದನು. ಆಂಬ್ರೋಸನು ಮೊದಲು ವ್ಯಾಲೆಂಟಿನಸನ ಮತವನ್ನು ಹಿಡಿದಿದ್ದವನು. ಓರಿಜನನ ಬೋಧೆಯಿಂದ ಸಭೆಯ ಕಡೆಗೆ ತಿರುಗಿದನೆಂದು ಯೂಸೀಬಿಯಸನು ಹೇಳುತ್ತಾನೆ. ಹಳೆಯ ಮತದಲ್ಲಿ ತಾನು ಓದಿದ್ದ ಪುಸ್ತಕಗಳನ್ನು ಚೆನ್ನಾಗಿ ಬಲ್ಲವನಿಗೆ ಸೋರೆಕಾಯಿಯ ಹಾಸ್ಯದಿಂದಾಗಲಿ ಹಾವಿನ ಉಪಮಾನದಿಂದಾಗಲಿ ಸಮಾಧಾನವಾಗುವಂತಿರಲಿಲ್ಲ. ಅವನ ಒತ್ತಾಯದಿಂದಲೇ, ಅವನು ನಿಯಮಿಸಿಕೊಟ್ಟ ಲಿಪಿಕಾರರಿಗೆ ಹೇಳಿ ಬರೆಸುತ್ತ, ಓರಿಜನನು ಯೋಹಾನನ ಸುವಾರ್ತೆಗೆ ವ್ಯಾಖ್ಯಾನವನ್ನು ಆರಂಭಿಸಿದನು. ಅದೇ ಸುವಾರ್ತೆಗೆ ಅವನಿಗಿಂತ ಮೊದಲು ವ್ಯಾಖ್ಯಾನ ಬರೆದಿದ್ದವನು ಹೆರಾಕ್ಲಿಯನ್, ವ್ಯಾಲೆಂಟಿನಸನ ಪಕ್ಷದವನು. ಓರಿಜನನು ಆ ಗ್ರಂಥವನ್ನು ಮುಂದಿಟ್ಟುಕೊಂಡು, ಬಾವಿಯ ಬಳಿಯ ಸಮಾರ್ಯದ ಹೆಂಗಸಿನ ಪ್ರಸಂಗದಂತಹ ಎಡೆಗಳಲ್ಲಿ, ಹೆರಾಕ್ಲಿಯನನು ಇಲ್ಲಿ ಹೀಗೆ ಹೇಳಿದ್ದಾನೆಂದು ಅವನ ವಾಕ್ಯಗಳನ್ನು ಕೊಟ್ಟು, ಬಹುಕಡೆಗಳಲ್ಲಿ ತಪ್ಪೆಂದು ವಾದಿಸಿ, ಅಲ್ಲೊಂದು ಇಲ್ಲೊಂದು ಕಡೆ ಅವನ ಮಾತು ಮೆಚ್ಚತಕ್ಕದ್ದೆಂದೂ ಒಪ್ಪಿ ಮುಂದುವರಿಯುತ್ತಾನೆ.

553ರಲ್ಲಿ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯು, ಸತ್ತು ಮುನ್ನೂರು ವರ್ಷಗಳಾಗಿದ್ದ ಓರಿಜನನನ್ನು ಪಾಷಂಡಿಗಳ ಪಟ್ಟಿಗೆ ಸೇರಿಸಿತು. ಎಪಿಫೇನಿಯಸನಾದರೋ ಆ ಕೆಲಸವನ್ನು ತನ್ನ ಪೆಟ್ಟಿಗೆಯಲ್ಲಿ ಅದಕ್ಕೂ ಮೊದಲೇ ಮುಗಿಸಿದ್ದನು. ಓರಿಜನನ ಗ್ರೀಕ್ ಗ್ರಂಥಗಳಲ್ಲಿ ಬಹುಭಾಗವು ಹಾಳಾಯಿತು. ಯೋಹಾನನ ಸುವಾರ್ತೆಯ ವ್ಯಾಖ್ಯಾನದ 32 ಭಾಗಗಳಲ್ಲಿ 9 ಮಾತ್ರ ಗ್ರೀಕಿನಲ್ಲಿ ಉಳಿದಿವೆ. ಆ ಒಂಬತ್ತರಲ್ಲಿ ಹೆರಾಕ್ಲಿಯನನ ಸುಮಾರು ಐವತ್ತು ಮಾತುಗಳು ಉಳಿದುಕೊಂಡಿವೆ. ಬೇರೆಡೆಯಲ್ಲಿ ಅವನವು ಇಲ್ಲವೆಂಬಷ್ಟು ಕಡಿಮೆ.